ಫೋನೆಂಬ ವಠಾರ: ಅಪ್ಪ ಒತ್ತಿದ ಒಂದು ‘ಅಲೋ’

ಮದುವೆ ಸೀಸನ್ನು. ಬುಧವಾರ ಮಧ್ಯಾಹ್ನ ಆಫೀಸಿನಲ್ಲಿ ಮೀಟಿಂಗ್ ನಡೀತಾ ಇತ್ತು. ಅಪ್ಪನ ಫೋನ್ ಬಂತು, ಕಟ್ ಮಾಡಿದೆ. ಮತ್ತೆ ಬಂತು. ನಮ್ಮಪ್ಪ ಒಂದು ಸಲ ಕಟ್ ಮಾಡಿದರೆ ಸಂಜೆವರೆಗೂ ಕಾಯುವ ಪೈಕಿ. ಎರಡನೇ ಸಲ ಮಾಡಿದ್ದಾರೆ ಅಂದರೆ ಏನೋ ಆಗಿದೆ ಅಂತಲೇ ಅರ್ಥ. ಎದ್ದು ಹೊರಗೆ ಬಂದೆ.

“ಪುಟ್ಟಿ, ಯಾರದೋ ಲಗ್ನಪತ್ರಿಕೆ ಬಂದಿದೆ ಕಣೇ ಫೋನಿಗೆ. ತೆಗೆದರೆ ಹುಡುಗನ ಹೆಸರೂ ಇಲ್ಲ, ಹುಡುಗಿ ಹೆಸರೂ ಇಲ್ಲ, ಛತ್ರನೂ ಇಲ್ಲ. ಬರೀ ಬಿಳೀ ಪರದೆ. ಈಗ ನೋಡಿದರೆ ಬ್ಯಾಂಕಿನಿಂದ ಒಂದರ ಹಿಂದೆ ಒಂದು ಮೆಸೇಜ್ ಬರ್ತಿದೆ.”

ನನ್ನ ಕೈ ತಣ್ಣಗಾಯ್ತು. “ಅಪ್ಪಾ, ಈ ಫೋನ್ ಈಗಲೇ ಸ್ವಿಚ್ ಆಫ್ ಮಾಡಿ. ಅಮ್ಮನ ಫೋನಿಂದ ನನಗೆ ಮಾಡಿ” ಅಂದೆ. ಬ್ಯಾಂಕಿಗೆ ಹೇಳಿ ಖಾತೆ ಬ್ಲಾಕ್ ಮಾಡಿಸಿದೆವು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆವು. ಇಷ್ಟರಲ್ಲಿ 18,400 ರೂಪಾಯಿ ಹೋಗಿತ್ತು.

ಎಲ್ಲ ಮುಗಿದ ಮೇಲೆ ಕೇಳಿದೆ: “ಅದು ಏನೇನು ಕೇಳ್ತು? ನೀವು ಏನು ಒತ್ತಿದಿರಿ?”

“ಏನೇನೋ ಕೇಳ್ತು ಕಣೇ. ನೀನೇ ಹೇಳಿದ್ದೆಯಲ್ಲ, ಏನು ಕೇಳಿದ್ರೂ ಅಲೋ ಒತ್ತಿಬಿಡಿ ಅಂತ.”

ಹೌದು, ಹೇಳಿದ್ದೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ಹೊಸ ಫೋನ್ ಕೊಡಿಸಿದ್ದೆ. ರಾತ್ರಿ ಬಸ್ಸಿಗೆ ಹೊರಡುವ ಗಡಿಬಿಡಿ. ಪ್ರತಿ ಆ್ಯಪ್ ತೆರೆದಾಗಲೂ ಒಂದೊಂದು ಡಬ್ಬಿ ಎದ್ದು ನಿಲ್ಲುತ್ತಿತ್ತು. ಅಪ್ಪ ಪ್ರತಿಯೊಂದಕ್ಕೂ ಕನ್ನಡಕ ಏರಿಸಿ, “ಇದೇನು ಕೇಳ್ತಿದೆ?” ಅಂತಿದ್ದರು. ನನಗೆ ಹೊತ್ತಾಗುತ್ತಿತ್ತು. ಅಂದುಬಿಟ್ಟೆ.

ನಾಚಿಕೆಯ ಸಂಗತಿ ಏನೆಂದರೆ, ನನ್ನ ಕೆಲಸವೇ ಆ್ಯಪ್ ಬರೆಯುವುದು. ‘ಅಲೋ’ ಒತ್ತಿ ಅಂತ ಜನರನ್ನ ಒಪ್ಪಿಸುವ ಸಾಲುಗಳನ್ನ ಬರೆದು ಸಂಬಳ ತಗೊಳ್ಳುವವಳು ನಾನು.

ಆ ಶನಿವಾರ ಅರಸೀಕೆರೆಗೆ ಹೋದೆ. ಹೊಸ ಫೋನು ಬೀರುವಿನಲ್ಲಿತ್ತು. ಸಿಮ್ಮು ಹಳೇ ಬಟನ್ ಫೋನಿಗೆ ವಾಪಸ್ ಹೋಗಿತ್ತು. ಅಪ್ಪ ಬಯ್ಯಲಿಲ್ಲ, ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು: “ಹೊರಗಿನವನು ಇಷ್ಟು ಸಲೀಸಾಗಿ ಒಳಗೆ ಬರೋ ಹಾಗೆ ಯಾಕೆ ಮಾಡಿದ್ದಾರೆ ಇದನ್ನ? ಯಾರೂ ಯೋಚನೆ ಮಾಡಲಿಲ್ವಾ?”

ಯೋಚನೆ ಮಾಡಿದ್ದರು. ಸ್ಮಾರ್ಟ್‌ಫೋನ್ ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚೆಯೇ. ಅದನ್ನ ಅಪ್ಪನಿಗೆ ಹೇಳೋಕೆ ಕೂತಾಗ ನನಗೇ ಎಷ್ಟೋ ಸಂಗತಿ ಹೊಸದಾಗಿ ಅರ್ಥವಾಯ್ತು.

ಒಂದು ಯಂತ್ರ, ಹತ್ತಾರು ಬಾಡಿಗೆದಾರರು

ಅಪ್ಪ ಅಂಚೆ ಇಲಾಖೆಯಲ್ಲಿ 34 ವರ್ಷ ಇದ್ದವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೈಸೂರಿನ ಒಂದು ವಠಾರದಲ್ಲಿದ್ದರಂತೆ. ಬೀದಿಗೆ ಒಂದೇ ದೊಡ್ಡ ಬಾಗಿಲು. ಒಳಗೆ ಸಾಲಾಗಿ ಎಂಟು ಮನೆ. ಎಲ್ಲರಿಗೂ ಸೇರಿ ಒಂದೇ ಬಾವಿ, ಹಿತ್ತಲಲ್ಲಿ ಒಂದೇ ಬಚ್ಚಲು. ಆದರೆ ಪ್ರತಿ ಮನೆಗೂ ಅದರದೇ ಬೀಗ.

1960ರ ದಶಕದ ಕಂಪ್ಯೂಟರುಗಳೂ ಹಾಗೇ ಇದ್ದವು. ಒಂದು ಕೋಣೆ ತುಂಬುವ ಯಂತ್ರ, ವಿಪರೀತ ಬೆಲೆ. ಆಳಿಗೊಂದು ಕೊಡುವ ಮಾತೇ ಇಲ್ಲ. ಹಾಗಾಗಿ ಹತ್ತಾರು ಜನ ಹತ್ತಾರು ಟರ್ಮಿನಲ್‌ಗಳ ಮುಂದೆ ಕೂತು ಒಂದೇ ಯಂತ್ರವನ್ನ ಹಂಚಿಕೊಳ್ಳುತ್ತಿದ್ದರು. ಯಂತ್ರ ಒಬ್ಬರ ಕೆಲಸ ಸ್ವಲ್ಪ ಮಾಡಿ, ಇನ್ನೊಬ್ಬರ ಕಡೆ ತಿರುಗಿ, ಮತ್ತೆ ಮೊದಲಿನವರಿಗೆ ಬರುತ್ತಿತ್ತು. ಎಷ್ಟು ಬೇಗ ಅಂದರೆ ಪ್ರತಿಯೊಬ್ಬರಿಗೂ ಯಂತ್ರವೆಲ್ಲ ತಮ್ಮದೇ ಅನ್ನಿಸುತ್ತಿತ್ತು.

ಅಮೆರಿಕದ ಎಂಐಟಿ, ಜನರಲ್ ಎಲೆಕ್ಟ್ರಿಕ್ ಮತ್ತು ಬೆಲ್ ಲ್ಯಾಬ್ಸ್ ಸೇರಿ ಇಂಥದ್ದೊಂದು ಭಾರೀ ವ್ಯವಸ್ಥೆ ಕಟ್ಟಲು ಹೊರಟಿದ್ದವು. ಹೆಸರು ಮಲ್ಟಿಕ್ಸ್. ಕೆಲಸ ಎಳೆದಾಡಿತು. 1969ರಲ್ಲಿ ಬೆಲ್ ಲ್ಯಾಬ್ಸ್ ಕೈಬಿಟ್ಟಿತು. ಅದರಲ್ಲಿ ದುಡಿದಿದ್ದ ಕೆನ್ ಥಾಂಪ್ಸನ್ ಸುಮ್ಮನಿರಲಿಲ್ಲ. ಪಿಡಿಪಿ-7 ಅನ್ನುವ ಒಂದು ಪುಟ್ಟ ಯಂತ್ರದ ಮೇಲೆ ಅದೇ ವರ್ಷ ತಮ್ಮದೇ ಸಣ್ಣ ವ್ಯವಸ್ಥೆಯೊಂದನ್ನ ಬರೆಯೋಕೆ ಶುರು ಮಾಡಿದರು. ಡೆನ್ನಿಸ್ ರಿಚಿ ಜೊತೆಯಾದರು. ಮಲ್ಟಿಕ್ಸ್‌ ಹೆಸರಿಗೇ ಒಂದು ಕೀಟಲೆಯಾಗಿ ಅದು ಯುನಿಕ್ಸ್ ಅನ್ನಿಸಿಕೊಂಡಿತು.

ಯುನಿಕ್ಸ್‌ ಕಟ್ಟಿದ ಗೋಡೆ ತುಂಬಾ ಸರಳ. ಪ್ರತಿ ಬಳಕೆದಾರನಿಗೂ ಒಂದು ನಂಬರ್. ಪ್ರತಿ ಕಡತಕ್ಕೂ ಒಬ್ಬ ಒಡೆಯ. ಕಡತದ ಮೇಲೆ ಮೂರೇ ಪ್ರಶ್ನೆ: ಇದನ್ನ ಯಾರು ಓದಬಹುದು, ಯಾರು ತಿದ್ದಬಹುದು, ಯಾರು ನಡೆಸಬಹುದು? ನಂಬರ್ ಹೊಂದದಿದ್ದರೆ ಬಾಗಿಲು ತೆರೆಯದು. ‘ರೂಟ್’ ಅನ್ನುವ ಒಬ್ಬನ ಹತ್ತಿರ ಮಾತ್ರ ಎಲ್ಲ ಮನೆಯ ಬೀಗದ ಕೈ ಇರುತ್ತದೆ.

“ವಠಾರದ ಓನರ್ರು” ಅಂದರು ಅಪ್ಪ. ಸರಿಯಾಗಿಯೇ ಹೇಳಿದರು.

ಮನುಷ್ಯರು ಹೋದರು, ಆ್ಯಪ್‌ಗಳು ಬಂದವು

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಯುನಿಕ್ಸ್ ಮಾದರಿಯಲ್ಲೇ ತನ್ನದೊಂದು ಕರ್ನೆಲ್ ಬರೆದ. ಅದು ಲಿನಕ್ಸ್. 2003ರಲ್ಲಿ ಆ್ಯಂಡಿ ರೂಬಿನ್ ಮತ್ತು ಗೆಳೆಯರು ಆಂಡ್ರಾಯ್ಡ್ ಕಂಪನಿ ಶುರು ಮಾಡಿದರು, 2005ರಲ್ಲಿ ಗೂಗಲ್ ಅದನ್ನ ಕೊಂಡಿತು, 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂತು. ಅಡಿಪಾಯಕ್ಕೆ ಹಾಕಿದ್ದು ಇದೇ ಲಿನಕ್ಸನ್ನ.

ಇಲ್ಲೊಂದು ತಮಾಷೆ ಇದೆ. ಯುನಿಕ್ಸ್ ಗೋಡೆಗಳಿದ್ದದ್ದು ಹತ್ತಾರು ಜನ ಹಂಚಿಕೊಳ್ಳುವ ಯಂತ್ರಕ್ಕೆ. ಫೋನಿಗೆ ಇರುವವರು ಒಬ್ಬರೇ. ಹಾಗಾದರೆ ಆ ಗೋಡೆ ಯಾಕೆ ಬೇಕು?

ಆಂಡ್ರಾಯ್ಡ್ ಕಟ್ಟಿದವರು ಗೋಡೆ ಕೆಡವಲಿಲ್ಲ, ಬಾಡಿಗೆದಾರರನ್ನ ಬದಲಾಯಿಸಿದರು. ಮನುಷ್ಯರಿದ್ದ ಜಾಗದಲ್ಲಿ ಆ್ಯಪ್‌ಗಳನ್ನ ಕೂರಿಸಿದರು. ನೀವು ಒಂದು ಆ್ಯಪ್ ಹಾಕಿಕೊಂಡ ಕೂಡಲೇ ಫೋನು ಅದಕ್ಕೆ ಒಂದು ಬಳಕೆದಾರ ನಂಬರ್ ಕೊಡುತ್ತೆ, 10000ದಿಂದ ಮುಂದಕ್ಕೆ. ನಿಮ್ಮ ಬ್ಯಾಂಕ್ ಆ್ಯಪ್ ಒಬ್ಬ ಬಾಡಿಗೆದಾರ, ಕ್ಯಾಬ್ ಆ್ಯಪ್ ಇನ್ನೊಬ್ಬ, ಮಗುವಿನ ಆಟದ ಆ್ಯಪ್ ಮತ್ತೊಬ್ಬ. ಒಬ್ಬರ ಮನೆಯೊಳಗೆ ಏನಿದೆ ಅಂತ ಇನ್ನೊಬ್ಬರಿಗೆ ಕಾಣದು.

ಇದು ಎಷ್ಟು ದೊಡ್ಡ ಬದಲಾವಣೆ ಅನ್ನೋದು ಗೊತ್ತಾಗಬೇಕಾದರೆ ಆಫೀಸಿನ ಹಳೇ ಪಿಸಿ ನೆನಪಿಸಿಕೊಳ್ಳಿ. ಅಲ್ಲಿ ನೀವು ನಡೆಸುವ ಯಾವುದೇ ಪ್ರೋಗ್ರಾಂ ನಿಮ್ಮ ಹೆಸರಿನಲ್ಲೇ ಓಡುತ್ತಿತ್ತು. ನೀವು ಓದಬಹುದಾದ ಕಡತಗಳನ್ನೆಲ್ಲ ಅದೂ ಓದಬಹುದಿತ್ತು. ಮದುವೆಗೆ ಕರೆದ ನೆಂಟನಿಗೆ ಬೀರುವಿನ ಕೀಲಿಯನ್ನೂ ಕೊಟ್ಟ ಹಾಗೆ. ಫೋನು ಹಾಗಲ್ಲ. ಇಲ್ಲಿ ಪ್ರತಿ ಆ್ಯಪೂ ಅಪರಿಚಿತನೇ.

ಅಪ್ಪನ ವಿಷಯದಲ್ಲೂ ಆ ಗೋಡೆ ಬಿರುಕು ಬಿಡಲಿಲ್ಲ ಅನ್ನೋದು ಕೇಳಿದರೆ ಆಶ್ಚರ್ಯವಾಗಬಹುದು. ‘ಲಗ್ನಪತ್ರಿಕೆ’ ಆ್ಯಪು ಬ್ಯಾಂಕ್ ಆ್ಯಪಿನ ಮನೆಯೊಳಗೆ ನುಗ್ಗಲಿಲ್ಲ. ಅದು ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿತು. ಅಪ್ಪ ಕೊಟ್ಟರು. ಒಟಿಪಿ ಬಂದದ್ದು ಎಸ್ಸೆಮ್ಮೆಸ್ಸಿನಲ್ಲಿ. ಕಳ್ಳ ಗೋಡೆ ಕೊರೆಯಲಿಲ್ಲ, ಬಾಗಿಲು ತಟ್ಟಿ ಬಂದ.

1996ರಲ್ಲಿ ಕೂಡಿಬಂದ ಸಂಬಂಧ, ತಪ್ಪಿಹೋದ ಸಂಬಂಧ

“ನಿನ್ನ ಐಫೋನೂ ಹೀಗೇನಾ?” ಅಂತ ಅಪ್ಪ ಕೇಳಿದರು. ಅದರ ಕಥೆ ಬೇರೆ, ಆದರೆ ಮೂಲಪುರುಷ ಅದೇ.

1996ರಲ್ಲಿ ಆಪಲ್ ಕಂಪನಿ ಕಷ್ಟದಲ್ಲಿತ್ತು. ಮ್ಯಾಕಿಂಟಾಷ್‌ನ ಆಪರೇಟಿಂಗ್ ಸಿಸ್ಟಂ ಹಳತಾಗಿತ್ತು, ಮನೆಯಲ್ಲೇ ಹೊಸದು ಮಾಡುವ ಪ್ರಯತ್ನ ಮುಗ್ಗರಿಸಿತ್ತು. ಹೊರಗಿನಿಂದ ತರೋಣ ಅಂತ ಹೊರಟಾಗ ಎರಡು ಸಂಬಂಧ ಮುಖ್ಯವಾಗಿ ಮುಂದೆ ಬಂದವು. ಒಂದು, ಆಪಲ್‌ನಲ್ಲೇ ಇದ್ದು ಹೊರಬಂದ ಜ್ಯಾನ್ ಲೂಯಿ ಗಾಸೆ ಕಟ್ಟಿದ್ದ ಬಿ ಕಂಪನಿಯ ಬಿಓಎಸ್. ಇನ್ನೊಂದು, 1985ರಲ್ಲಿ ಆಪಲ್‌ ಬಿಟ್ಟುಹೋಗಿದ್ದ ಸ್ಟೀವ್ ಜಾಬ್ಸ್ ಕಟ್ಟಿದ್ದ ನೆಕ್ಸ್ಟ್.

ಆಪಲ್ ನೆಕ್ಸ್ಟ್‌ಗೆ ಒಪ್ಪಿತು. ಯುನಿಕ್ಸ್ ವಂಶದ ಆ ವ್ಯವಸ್ಥೆ 2001ರಲ್ಲಿ ಮ್ಯಾಕ್ ಓಎಸ್ ಟೆನ್ ಆಯ್ತು. 2007ರಲ್ಲಿ ಅದನ್ನೇ ಕಡೆದು ಸಣ್ಣದು ಮಾಡಿ ಐಫೋನಿಗೆ ಹಾಕಿದರು. ಇವತ್ತಿಗೂ ಐಫೋನ್ ಆ್ಯಪ್ ಬರೆಯುವವರ ಕೋಡಿನಲ್ಲಿ ‘ಎನ್ಎಸ್’ ಅಂತ ಶುರುವಾಗುವ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಅದು ನೆಕ್ಸ್ಟ್‌ಸ್ಟೆಪ್‌ನ ಮುದ್ರೆ. ಮುಳುಗಿದ ಕಂಪನಿಯ ಹೆಸರು ಕೋಟ್ಯಂತರ ಜೇಬುಗಳಲ್ಲಿ ಉಳಿದುಕೊಂಡಿದೆ.

ತಪ್ಪಿಹೋದ ಸಂಬಂಧದ ಕಥೆ ಇನ್ನೂ ಸೊಗಸು. ಬಿ ಕಂಪನಿಯನ್ನ 2001ರಲ್ಲಿ ಪಾಮ್ ಕೊಂಡಿತು. ಬಿಯಲ್ಲಿ ದುಡಿದಿದ್ದ ಡಯಾನ್ ಹ್ಯಾಕ್‌ಬಾರ್ನ್ ಅಂಥ ಎಂಜಿನಿಯರುಗಳು ಪಾಮ್ ಕಡೆಗೆ, ಅಲ್ಲಿಂದ ಆಂಡ್ರಾಯ್ಡ್‌ಗೆ ಬಂದರು. ಬರುವಾಗ ‘ಬೈಂಡರ್’ ಅನ್ನುವ ವಿಚಾರವನ್ನೂ ತಂದರು. ಹೀಗೆ 1996ರಲ್ಲಿ ಎದುರಾಳಿಗಳಾಗಿದ್ದ ಎರಡು ಮನೆತನಗಳಲ್ಲಿ ಒಂದು ಐಫೋನಿನ ಎಲುಬಾಯ್ತು, ಇನ್ನೊಂದರ ನೆತ್ತರು ಆಂಡ್ರಾಯ್ಡ್‌ನಲ್ಲಿ ಹರಿಯಿತು.

ಬೈಂಡರ್ ಅಂದರೆ ಏನು ಅಂತ ಅಪ್ಪನಿಗೆ ಹೇಳೋದು ಸುಲಭವಿತ್ತು. ಅದು ವಠಾರದ ಅಂಚೆ ಕಚೇರಿ. ಗೋಡೆ ಕಟ್ಟಿದ ಮೇಲೆ ಬಾಡಿಗೆದಾರರು ಮಾತಾಡಿಕೊಳ್ಳಬೇಕಲ್ಲ? ಕ್ಯಾಬ್ ಆ್ಯಪಿಗೆ ನೀವು ಎಲ್ಲಿದ್ದೀರಿ ಅನ್ನೋದು ಬೇಕು. ಅದು ತಾನೇ ಹೋಗಿ ಜಿಪಿಎಸ್ ಮುಟ್ಟುವ ಹಾಗಿಲ್ಲ. ಬೈಂಡರ್ ಮೂಲಕ ಕಾಗದ ಬರೆಯಬೇಕು. ಆ ಕಾಗದದ ಮೇಲೆ ಕಳಿಸಿದವರ ನಂಬರನ್ನ ಕರ್ನೆಲ್ಲೇ ಒತ್ತುತ್ತೆ. ಆ್ಯಪು ಸುಳ್ಳು ಹೆಸರು ಹೇಳೋಕಾಗಲ್ಲ. ಕಾಗದ ಪಡೆದ ಕಡೆಯವರು ನಂಬರ್ ನೋಡಿ, ಇವನಿಗೆ ಅನುಮತಿ ಇದೆಯಾ ಅಂತ ಪಟ್ಟಿ ತೆಗೆದು ನೋಡುತ್ತಾರೆ.

“ನಮ್ಮ ತಾರೀಖಿನ ಮುದ್ರೆ ಥರ” ಅಂದರು ಅಪ್ಪ. ಬುಧವಾರದಿಂದ ಮೊದಲ ಸಲ ಅವರ ಮುಖ ಸ್ವಲ್ಪ ಸಡಿಲವಾಯ್ತು.

ಸೇವ್ ಬಟನ್ ಎಲ್ಲಿ ಹೋಯ್ತು?

ಅಪ್ಪನ ಇನ್ನೊಂದು ಮಾತು ನನಗೆ ಕೊರೆಯುತ್ತಲೇ ಇತ್ತು. ಬಿಳೀ ಪರದೆ ಬಂದ ತಕ್ಷಣ ಅವರಿಗೆ ಅನುಮಾನ ಬಂದಿತ್ತಂತೆ. “ಆಗಲೇ ಮೇಲಕ್ಕೆ ತಳ್ಳಿ ಬಿಸಾಕಿದೆ ಅದನ್ನ. ಆದರೂ ಹೋಗಲಿಲ್ಲವಲ್ಲ?”

ಹೋಗಿರಲಿಲ್ಲ. ಯಾಕೆ ಅಂತ ತಿಳಿಯೋಕೆ ಪಾಮ್ ಕಂಪನಿಯ ಕಥೆಗೆ ಬರಬೇಕು.

1990ರ ದಶಕದಲ್ಲಿ ಜೆಫ್ ಹಾಕಿನ್ಸ್ ಕಿಸೆಯಲ್ಲಿ ಹಿಡಿಯುವ ಕಂಪ್ಯೂಟರ್ ಮಾಡಬೇಕು ಅಂತ ಹೊರಟರು. ಯಂತ್ರ ಮಾಡುವ ಮೊದಲು ಅದೇ ಅಳತೆಯ ಒಂದು ಮರದ ತುಂಡನ್ನ ಕಿಸೆಯಲ್ಲಿಟ್ಟುಕೊಂಡು ಓಡಾಡಿದರು. ಯಾರಾದರೂ ಮೀಟಿಂಗಿಗೆ ಕರೆದರೆ ತುಂಡನ್ನ ತೆಗೆದು, ಅದರ ಮೇಲೆ ಕಡ್ಡಿಯಿಂದ ಬರೆದ ಹಾಗೆ ನಟಿಸುತ್ತಿದ್ದರು. ಎಷ್ಟು ಸಲ ಕೈ ಕಿಸೆಗೆ ಹೋಗುತ್ತೆ, ಆಗ ಏನು ಬೇಕಾಗುತ್ತೆ ಅನ್ನೋದು ಹೀಗೆ ತಿಳಿಯಿತು.

1996ರಲ್ಲಿ ಬಂದ ಪೈಲಟ್‌ನ ಮೊದಲ ಮಾದರಿಗೆ ಇದ್ದ ಮೆಮೊರಿ 128 ಕಿಲೋಬೈಟ್. ಇವತ್ತು ನೀವು ಕಳಿಸುವ ಒಂದು ‘ಗುಡ್ ಮಾರ್ನಿಂಗ್’ ಚಿತ್ರ ಅದರಲ್ಲಿ ಹಿಡಿಸದೇ ಹೋಗಬಹುದು. ಅಷ್ಟರಲ್ಲಿ ಎರಡು ಆ್ಯಪ್ ಒಟ್ಟಿಗೆ ಓಡಿಸೋದು ಕಷ್ಟ. ಹಾಗಾಗಿ ಒಂದು ತೆರೆದರೆ ಇನ್ನೊಂದು ಮುಚ್ಚುತ್ತಿತ್ತು. ಆದರೆ ಮುಚ್ಚಿದ್ದು ಗೊತ್ತಾಗಬಾರದು. ವಾಪಸ್ ಬಂದಾಗ ಬಿಟ್ಟ ಜಾಗದಲ್ಲೇ ಇರಬೇಕು. ‘ಸೇವ್’ ಅನ್ನುವ ಬಟನ್ನೇ ಇರಲಿಲ್ಲ. ಬರೆದದ್ದು ಬರೆದ ಹಾಗೇ ಉಳಿಯುತ್ತಿತ್ತು.

ಮೆಮೊರಿ ಕೊರತೆಯಿಂದ ಹುಟ್ಟಿದ ಆ ಪದ್ಧತಿ ಇವತ್ತು ಫೋನಿನ ಸಹಜ ಗುಣವೇ ಆಗಿದೆ. ಫೋನು ಜಾಗ ಸಾಲದಾದಾಗ ಹಿಂದಿನ ಆ್ಯಪನ್ನ ತಾನೇ ಮುಗಿಸುತ್ತೆ. ಮುಗಿಸುವ ಮುಂಚೆ ‘ಎಲ್ಲಿದ್ದೆ ಅಂತ ಬರೆದಿಟ್ಟುಕೋ’ ಅನ್ನುತ್ತೆ. ನಮ್ಮಂಥ ಆ್ಯಪ್ ಬರೆಯುವವರು ಮೊದಲು ಕಲಿಯಬೇಕಾದ ಪಾಠಗಳಲ್ಲಿ ಇದೂ ಒಂದು.

ಇನ್ನು ‘ಮೇಲಕ್ಕೆ ತಳ್ಳೋದು’. ಅದೂ ಪಾಮ್ ಮನೆಯದೇ. 2009ರಲ್ಲಿ ಪಾಮ್ ತನ್ನ ವೆಬ್‌ಓಎಸ್ ತಂದಾಗ ತೆರೆದ ಆ್ಯಪ್‌ಗಳು ಇಸ್ಪೀಟು ಎಲೆಗಳ ಹಾಗೆ ಸಾಲಾಗಿ ನಿಂತವು. ಬೇಡವಾದರೆ ಎಲೆಯನ್ನ ಮೇಲಕ್ಕೆ ತಳ್ಳಿದರಾಯ್ತು. ಆ ಫೋನು ಗೆಲ್ಲಲಿಲ್ಲ. 2010ರಲ್ಲಿ ಎಚ್‌ಪಿ ಪಾಮ್ ಅನ್ನ ಕೊಂಡಿತು, 2011ರಲ್ಲಿ ಆ ಫೋನುಗಳನ್ನ ನಿಲ್ಲಿಸಿತು. ಆದರೆ ಅದರ ವಿನ್ಯಾಸದಲ್ಲಿ ಮುಖ್ಯರಾಗಿದ್ದ ಮತಿಯಾಸ್ ಡುವಾರ್ಟೆ 2010ರಲ್ಲೇ ಗೂಗಲ್ ಸೇರಿದ್ದರು. ಎಲೆಗಳ ಆಟ ಆಂಡ್ರಾಯ್ಡ್‌ಗೂ ಬಂತು, 2017ರ ಐಫೋನ್ ಟೆನ್‌ನಲ್ಲೂ ಕಾಣಿಸಿತು. ಮನೆಯಲ್ಲಿ ಎಲ್‌ಜಿ ಸ್ಮಾರ್ಟ್ ಟಿವಿ ಇದ್ದರೆ ಆ ವೆಬ್‌ಓಎಸ್ ನಿಮ್ಮ ಹಾಲ್‌ನಲ್ಲಿ ಇವತ್ತೂ ಇರಬಹುದು.

ತೊಡಕು ಇರುವುದು ಇಲ್ಲೇ. ಎಲೆ ಬಿಸಾಕಿದ ಹಾಗೆ ಕೈ ಮಾಡಿದಾಗ ಮನಸ್ಸಿಗೆ ‘ಹೋಯ್ತು’ ಅನ್ನಿಸುತ್ತೆ. ನಿಜಕ್ಕೂ ಹೋದದ್ದು ಎಲೆ ಮಾತ್ರ. ಆ್ಯಪು ಮನೆಯಲ್ಲೇ ಇದೆ, ಕೊಟ್ಟ ಅನುಮತಿ ಅದರ ಕೈಯಲ್ಲೇ ಇದೆ. ಎಸ್ಸೆಮ್ಮೆಸ್ ಬಂದಾಗ ಎಬ್ಬಿಸು ಅಂತ ಅದು ಮೊದಲೇ ಹೇಳಿಟ್ಟಿರಬಹುದು. ಅಪ್ಪ ಬಿಸಾಕಿದ್ದು ಬಾಗಿಲ ಮೇಲಿನ ಹೆಸರಿನ ಹಲಗೆಯನ್ನ, ಬಾಡಿಗೆದಾರನನ್ನಲ್ಲ.

‘ಹೂಂ’ ಅನ್ನುವವರೆಗೂ ಬಿಡದ ಹುಳ

ಅಪ್ಪ ಅಂದರು: “ನನಗಿಂತ ಮುಂಚೆ ಯಾರೂ ಹೀಗೆ ಮೋಸ ಹೋಗಿಲ್ವಾ?”

ಹೋಗಿದ್ದಾರೆ. 2004ರಲ್ಲಿ. ಆಗ ಸಿಂಬಿಯಾನ್ ಕಾಲ. ಇಂಗ್ಲೆಂಡಿನ ಸೈಯಾನ್ ಕಂಪನಿಯ ಪುಟ್ಟ ಕಂಪ್ಯೂಟರುಗಳಿಗೆ ಬರೆದಿದ್ದ ಇಪಾಕ್ ವ್ಯವಸ್ಥೆಯನ್ನ ತಳಹದಿ ಮಾಡಿಕೊಂಡು, ನೋಕಿಯಾ, ಎರಿಕ್ಸನ್, ಮೊಟೊರೊಲಾ ಕೂಡ ಸೇರಿ 1998ರಲ್ಲಿ ಸಿಂಬಿಯಾನ್ ಕಂಪನಿ ಕಟ್ಟಿದ್ದವು. ನಮ್ಮಲ್ಲಿ ಅನೇಕರು ಕಾಲೇಜಿನಲ್ಲಿ ಮೊದಲು ಹಿಡಿದ ‘ದೊಡ್ಡ ಫೋನು’ ಇದರದ್ದೇ.

ಆ ಫೋನುಗಳಿಗೆ ಕ್ಯಾಬಿರ್ ಅನ್ನುವ ಹುಳ ಬಂತು. ಮೊಬೈಲ್ ಫೋನಿನಿಂದ ಫೋನಿಗೆ ಹರಡಿದ ಮೊದಲ ಹುಳ ಅಂತ ಅದಕ್ಕೆ ಹೆಸರು. ಬ್ಲೂಟೂತ್‌ನಲ್ಲಿ ಹತ್ತಿರದ ಫೋನಿಗೆ ಹಾರುತ್ತಿತ್ತು. ಆದರೆ ತಾನಾಗಿ ಒಳಗೆ ಬರಲು ಅದಕ್ಕೆ ಆಗುತ್ತಿರಲಿಲ್ಲ. ‘ಮೆಸೇಜ್ ತಗೊಳ್ಳಲಾ?’ ಅಂತ ಫೋನು ಕೇಳುತ್ತಿತ್ತು. ಬೇಡ ಅಂದರೆ ಮತ್ತೆ ಕೇಳುತ್ತಿತ್ತು. ಮತ್ತೆ ಬೇಡ ಅಂದರೆ ಮತ್ತೆ. ಸೋಂಕು ತಗುಲಿದ ಫೋನು ಹತ್ತಿರ ಇರುವವರೆಗೂ ಕಾಟ ತಪ್ಪದು. ಕಡೆಗೆ ಬೇಸತ್ತು ಜನ ‘ಹೂಂ’ ಒತ್ತುತ್ತಿದ್ದರು.

ಗಮನಿಸಿ. ಕ್ಯಾಬಿರ್ ಗೆದ್ದದ್ದು ಜಾಣತನದಿಂದ ಅಲ್ಲ, ನಮ್ಮ ಸುಸ್ತಿನಿಂದ.

ಸಿಂಬಿಯಾನ್ ತನ್ನ 9ನೇ ಆವೃತ್ತಿಯಲ್ಲಿ ಬಿಗಿ ಮಾಡಿತು. ಪ್ರತಿ ಆ್ಯಪಿಗೂ ಬೇರೆಯವರು ನೋಡಲಾಗದ ಅದರದೇ ಕೋಣೆ, ಅಪಾಯದ ಪ್ರತಿ ಕೆಲಸಕ್ಕೂ ಬೇರೆ ಬೇರೆ ಪರವಾನಗಿ, ಪರವಾನಗಿ ಬೇಕಾದರೆ ಸಹಿ. ಇವತ್ತಿನ ಅನುಮತಿ ಪಟ್ಟಿಗಳನ್ನ ನೋಡಿದರೆ ಆ ಮುಖಚಹರೆ ಗುರುತು ಸಿಗುತ್ತೆ.

ಆಂಡ್ರಾಯ್ಡ್ ಮೊದಲು ಎಲ್ಲ ಅನುಮತಿಯನ್ನೂ ಆ್ಯಪ್ ಹಾಕಿಕೊಳ್ಳುವಾಗ ಒಂದೇ ಪಟ್ಟಿಯಾಗಿ ಮುಂದಿಡುತ್ತಿತ್ತು. ಪೂರಾ ಒಪ್ಪಿ, ಇಲ್ಲ ಬಿಡಿ. ಯಾರು ಓದುತ್ತಿದ್ದರು? 2015ರಲ್ಲಿ ಆಂಡ್ರಾಯ್ಡ್ 6 ಬಂದಾಗ ಅದು ಬದಲಾಯ್ತು. ಬೇಕಾದ ಹೊತ್ತಿಗೆ, ಒಂದೊಂದಾಗಿ ಕೇಳಬೇಕು. ಬೇಡ ಅಂದರೂ ಆ್ಯಪು ನಡೆಯಬೇಕು. 2018ರ ಕೊನೆಯಲ್ಲಿ ಗೂಗಲ್ ಪ್ಲೇ ಸ್ಟೋರಿನ ಆ್ಯಪ್‌ಗಳು ಎಸ್ಸೆಮ್ಮೆಸ್ ಓದುವುದಕ್ಕೂ ಕಟ್ಟುಪಾಡು ಹಾಕಿತು. ಕಳ್ಳರು ಸ್ಟೋರ್ ಬಿಟ್ಟು, ಮೆಸೇಜಿನಲ್ಲಿ ಎಪಿಕೆ ಕಡತ ಕಳಿಸಿ ‘ಲಗ್ನಪತ್ರಿಕೆ’ ಅನ್ನುವುದರ ಗುಟ್ಟು ಇದೇ. ಮುಂಬಾಗಿಲಲ್ಲಿ ಕಾವಲು ಇದ್ದರೆ ಹಿತ್ತಲ ಬಾಗಿಲಿಗೆ ಬರುತ್ತಾರೆ.

ಮೋಸವೂ ಅಚ್ಚ ಕನ್ನಡದಲ್ಲಿ

ಅಪ್ಪ ನಂಬಿದ್ದಕ್ಕೆ ಇನ್ನೊಂದು ಕಾರಣ, ಮೆಸೇಜು ಕನ್ನಡದಲ್ಲಿತ್ತು. ‘ತಾವು ಸಕುಟುಂಬ ಸಮೇತರಾಗಿ ಆಗಮಿಸಿ’ ಅಂತ ಇದ್ದರೆ ಯಾರು ಅನುಮಾನ ಪಡ್ತಾರೆ?

ಈ ಕನ್ನಡದ ಹಿಂದೆಯೂ ಒಂದು ಹಳೇ ಆಪರೇಟಿಂಗ್ ಸಿಸ್ಟಂ ಇದೆ. ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಆದ ಮೇಲೆ ಪ್ಲಾನ್ 9 ಅನ್ನುವುದನ್ನ ಮಾಡಿದ್ದರು. ಬಳಸಿದವರು ತೀರಾ ಕಡಿಮೆ. ಆದರೆ ಅದಕ್ಕಾಗಿ 1992ರಲ್ಲಿ ಅದೇ ಕೆನ್ ಥಾಂಪ್ಸನ್, ರಾಬ್ ಪೈಕ್ ಜೊತೆ ಸೇರಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ, ತಟ್ಟೆ ಕೆಳಗೆ ಹಾಸುವ ಕಾಗದದ ಮೇಲೆ, ಲೋಕದ ಎಲ್ಲ ಲಿಪಿಗಳನ್ನೂ ಬೈಟುಗಳಲ್ಲಿ ಬರೆದಿಡುವ ಕ್ರಮವೊಂದನ್ನ ಹೆಣೆದರು. ಅದೇ ಯುಟಿಎಫ್-8. ಇದರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು. ‘ಕನ್ನಡ’ ಅಂತ ಬರೆದರೆ ಒತ್ತಕ್ಷರದ ಕೊಂಡಿಯೂ ಸೇರಿ ಐದು ಚಿಹ್ನೆ, 15 ಬೈಟು. 2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡಕ್ಕೆ ಬೆಂಬಲ ಕೊಟ್ಟಿತು. ಅದಕ್ಕೆ ಮುಂಚೆ ಎಷ್ಟೋ ಫೋನುಗಳಲ್ಲಿ ಕನ್ನಡ ಬರೀ ಚೌಕ ಚೌಕ ಡಬ್ಬಿ.

ಡಬ್ಬಿ ಹೋಗಿ ಅಕ್ಷರ ಬಂದದ್ದು ನಮಗೆಲ್ಲ ಹಬ್ಬ. ಆದರೆ ಬಾಗಿಲು ನೆಂಟರಿಗೆ ತೆರೆದಾಗ ಕಳ್ಳರಿಗೂ ತೆರೆಯುತ್ತೆ. ಅನುಮತಿಯ ಡಬ್ಬಿಯಲ್ಲಿ ಏನು ಬರೆದಿದೆ ಅನ್ನೋದೂ ಅಷ್ಟೇ ತಿಳಿಗನ್ನಡದಲ್ಲಿ ಇದ್ದರೆ? ಅಪ್ಪನ ಫೋನು ಇಂಗ್ಲಿಷಿನಲ್ಲಿತ್ತು. ಹಾಗೆ ಇಟ್ಟವಳೂ ನಾನೇ. ‘ನನಗೆ ಹುಡುಕೋಕೆ ಸುಲಭ’ ಅಂತ.

ಅಪ್ಪನ ಲೆಕ್ಕ

ಇಷ್ಟೆಲ್ಲ ಹೇಳಿ ಮುಗಿಸೋವಾಗ ರಾತ್ರಿ ಹತ್ತು ದಾಟಿತ್ತು. ಅಮ್ಮ ಎರಡು ಸಲ ಊಟಕ್ಕೆ ಕರೆದು ಸುಮ್ಮನಾಗಿದ್ದರು. ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅಂದರು:

“ಮನಿ ಆರ್ಡರ್ ಕೊಡೋವಾಗ ಗುರುತಿಲ್ಲದವರಾದರೆ ಊರಲ್ಲಿ ಗೊತ್ತಿರೋರು ಯಾರಾದರೂ ಬಂದು ಸಾಕ್ಷಿ ಹಾಕಬೇಕಿತ್ತು. 34 ವರ್ಷದಲ್ಲಿ ಒಂದು ಪೈಸೆ ತಪ್ಪು ಕೈಗೆ ಕೊಟ್ಟಿಲ್ಲ ನಾನು. ಆ ಡಬ್ಬೀಲೂ ಅದೇ ಕೇಳ್ತಿದ್ದದ್ದು ಅಂತ ನನಗೆ ಹೊಳೀಲೇ ಇಲ್ಲ ನೋಡು. ಅದು ಫೋನಿನವರು ಏನೋ ರೂಲ್ಸಿಗೆ ಕೇಳ್ತಾರೆ ಅಂದ್ಕೊಂಡೆ.”

ಯುನಿಕ್ಸ್‌ನಿಂದ ಇಲ್ಲಿವರೆಗೆ ಇಷ್ಟೊಂದು ಜನ ಸೇರಿ ಗೋಡೆ ಕಟ್ಟಿದರು, ಬೀಗ ಹಾಕಿದರು, ಅಂಚೆಗೆ ಮುದ್ರೆ ಒತ್ತಿದರು. ಕಡೆಯ ಒಂದು ನಿರ್ಧಾರವನ್ನ ಮಾತ್ರ ಯಂತ್ರಕ್ಕೆ ಬಿಡಲಿಲ್ಲ. ಫೋನಿನ ಒಡೆಯರಿಗೇ ಬಿಟ್ಟರು, ಗೌರವದಿಂದ. ಆ ಗೌರವದ ಪ್ರಶ್ನೆಯನ್ನ ನಾನು ಅಪ್ಪನಿಗೆ ‘ಕಿರಿಕಿರಿ’ ಅಂತ ಹೇಳಿಕೊಟ್ಟಿದ್ದೆ. ತಪ್ಪಾಯ್ತು ಅಪ್ಪಾ ಅಂದೆ. “ದುಡ್ಡು ಹೋಯ್ತು ಬಿಡು, ಊಟ ಮಾಡು ನಡಿ” ಅಂದರು.

ಮಾರನೇ ದಿನ ಫೋನನ್ನ ಪೂರ್ತಿ ಅಳಿಸಿ ಹೊಸದಾಗಿ ಕಟ್ಟಿದೆವು. ಭಾಷೆ ಕನ್ನಡಕ್ಕೆ ಬಂತು. ಈ ಸಲ ಪ್ರತಿ ಡಬ್ಬಿಯನ್ನೂ ಅಪ್ಪನೇ ಜೋರಾಗಿ ಓದಿದರು. ಎಲ್ಲಿಂದಲೋ ಹಾಕಿದ್ದ ಒಂದು ಟಾರ್ಚ್ ಆ್ಯಪು ಕಾಂಟ್ಯಾಕ್ಟ್ಸ್ ನೋಡಲಾ ಅಂತ ಕೇಳಿತು. ಅಪ್ಪ ಕನ್ನಡಕದ ಮೇಲಿಂದ ನನ್ನ ನೋಡಿ, “ಬೆಳಕು ಬಿಡೋಕೆ ನಮ್ಮ ನೆಂಟರ ನಂಬರ್ ಯಾಕಂತೆ ಇದಕ್ಕೆ?” ಅಂದು ಬೇಡ ಒತ್ತಿದರು.

ಸೋಮವಾರ ಆಫೀಸಿಗೆ ಬಂದು ನಾನೂ ಒಂದು ಕೆಲಸ ಮಾಡಿದೆ. ನಮ್ಮ ಆ್ಯಪು ತೆರೆದ ಕೂಡಲೇ ನಾಲ್ಕು ಅನುಮತಿ ಕೇಳುತ್ತಿತ್ತು. ಟೀಮಿನಲ್ಲಿ ವಾದ ಮಾಡಿ ಎರಡನ್ನ ತೆಗೆಸಿದೆ. ಉಳಿದೆರಡು ಬೇಕಾದಾಗ ಮಾತ್ರ ಕೇಳುತ್ತವೆ, ಯಾಕೆ ಬೇಕು ಅಂತಲೂ ಹೇಳುತ್ತವೆ. ಹೋದ 18,400 ಇನ್ನೂ ವಾಪಸ್ ಬಂದಿಲ್ಲ.

ಈ ಭಾನುವಾರ ಅರ್ಧ ಗಂಟೆ

ಊರಿಗೆ ಹೋದಾಗ ಅಪ್ಪ ಅಮ್ಮನ ಫೋನು ಕೈಗೆ ತಗೊಳ್ಳಿ. ಅವರನ್ನ ಪಕ್ಕದಲ್ಲೇ ಕೂರಿಸಿಕೊಳ್ಳಿ, ಅವರ ಕೈಯಿಂದಲೇ ಒತ್ತಿಸಿ.

• ಸೆಟ್ಟಿಂಗ್ಸ್‌ನ ಪ್ರೈವೆಸಿ ಭಾಗದಲ್ಲಿ ಅನುಮತಿಗಳ ಪಟ್ಟಿ ಇರುತ್ತೆ. ಮೊದಲು ಎಸ್ಸೆಮ್ಮೆಸ್ ತೆರೆಯಿರಿ. ಅಲ್ಲಿ ಇರಬೇಕಾದವರು ಬೆರಳೆಣಿಕೆಯಷ್ಟು ಮಾತ್ರ. ಗುರುತಿಲ್ಲದವರನ್ನ ಹೊರಗೆ ಕಳಿಸಿ.

• ಸ್ಟೋರಿನ ಹೊರಗಿನ ಆ್ಯಪ್ ಹಾಕಲು ಬಿಡುವ ಸೌಲಭ್ಯ ಯಾವ್ಯಾವ ಆ್ಯಪಿಗೆ ಕೊಟ್ಟಿದೆ ನೋಡಿ. ಮೆಸೇಜ್ ಆ್ಯಪ್‌ಗಳಿಗೂ ಬ್ರೌಸರಿಗೂ ಅದು ಬೇಡ. ಆಫ್ ಮಾಡಿ.

• ಲಗ್ನಪತ್ರಿಕೆ ಚಿತ್ರವಾಗಿ ಬರುತ್ತೆ, ಪಿಡಿಎಫ್ ಆಗಿ ಬರುತ್ತೆ. ಎಪಿಕೆ ಆಗಿ ಬರಲ್ಲ. ಇದೊಂದನ್ನ ಬಾಯಿಪಾಠ ಮಾಡಿಸಿ.

• ಮೇಲಕ್ಕೆ ತಳ್ಳಿದರೆ ಆ್ಯಪ್ ಹೋಗಲ್ಲ, ಅನ್‌ಇನ್‌ಸ್ಟಾಲ್ ಮಾಡಿದರೆ ಹೋಗುತ್ತೆ. ಎರಡನ್ನೂ ಮಾಡಿ ತೋರಿಸಿ.

• ಹೆಚ್ಚುಕಡಿಮೆ ಆದರೆ ಮೊದಲು ಫೋನ್ ಆಫ್, ಆಮೇಲೆ ಬ್ಯಾಂಕು, ಆಮೇಲೆ 1930. ಬೇರೆ ಫೋನಿನಿಂದ.

• ಭಾಷೆ ಅವರದ್ದಿರಲಿ. ನಿಮಗೆ ಹುಡುಕೋಕೆ ಸ್ವಲ್ಪ ಕಷ್ಟವಾದರೆ ಆಗಲಿ.

ಮತ್ತೆ, ಅವರು ಕನ್ನಡಕ ಏರಿಸಿ “ಇದೇನು ಕೇಳ್ತಿದೆ?” ಅಂದಾಗ ಬಸ್ಸಿಗೆ ಹೊತ್ತಾಯ್ತು ಅನ್ನಬೇಡಿ. ಮುಂದಿನ ಬಸ್ಸು ಇದ್ದೇ ಇರುತ್ತೆ.

ನಿಮ್ಮ ಮನೆಯಲ್ಲೂ ಇಂಥದ್ದು ನಡೆದಿದ್ದರೆ, ತಪ್ಪಿಸಿಕೊಂಡ ಕಥೆ ಇದ್ದರೆ, ಓದುಗರ ಅಂಕಣಕ್ಕೆ ಬರೆಯಿರಿ. ಅಪ್ಪನಿಗೂ ಓದಿ ಹೇಳ್ತೀನಿ. ತಾನೊಬ್ಬನೇ ಅಲ್ಲ ಅಂತ ಅವರಿಗೂ ಗೊತ್ತಾಗಲಿ.